ಎಲ್ಲರೂ ದಿನಾ ಹಬೆ ತಗೊಂಡರೆ ಮನೆಯಲ್ಲಿ ಕೋವಿಡ್ ಹರಡೋದು ನಿಲ್ಲುತ್ತಾ?

ಪ್ರಶ್ನೆ: ನಮ್ಮ ಯಜಮಾನರಿಗೆ ಪಾಸಿಟಿವ್ ಬಂದಿದೆ. ಮನೆ ಚಿಕ್ಕದು. ಅತ್ತೆಗೆ ಶುಗರ್ ಇದೆ, ಪುಟ್ಟ ಮಗು ಬೇರೆ. ಎಲ್ಲರೂ ಬೆಳಿಗ್ಗೆ ಸಂಜೆ ಹಬೆ ತಗೊಳ್ತಿದ್ದೀವಿ. ಸಾಕಾ?

ಸಾಲದು. 2020ರಿಂದ ಈ ಪ್ರಶ್ನೆ ಬರುತ್ತಲೇ ಇದೆ, ಒಮ್ಮೆ ಓಂಕಾಳು ಹಾಕಿಕೊಂಡು, ಒಮ್ಮೆ ನೀಲಗಿರಿ ಎಣ್ಣೆ ಹಾಕಿಕೊಂಡು. ಉತ್ತರ ಮಾತ್ರ ಅದೇ.

ಹಬೆಯಿಂದ ಕಟ್ಟಿದ ಮೂಗು ಸ್ವಲ್ಪ ಬಿಡುತ್ತದೆ, ಗಂಟಲಿಗೆ ಹಿತವಾಗುತ್ತದೆ. ಅಷ್ಟಕ್ಕೆ ನನ್ನ ತಕರಾರಿಲ್ಲ. ವೈರಸ್ ಸಾಯುತ್ತದೆ ಅನ್ನುವುದಕ್ಕೆ ತಕರಾರು. "ಬಿಸಿಗೆ ಸಾಯಲ್ವಾ?" ಅಂತೀರಿ. ಸಾಯುತ್ತದೆ, ಲ್ಯಾಬಿನಲ್ಲಿ 56 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ ಇಟ್ಟರೆ. ನಿಮ್ಮ ಮೂಗನ್ನು ಹಾಗೆ ಇಡೋಕಾಗುತ್ತಾ? 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮೂಗಿನ ಒಳಭಾಗ ಅದಕ್ಕಿಂತ ನಾಜೂಕು. ನೀವು ತಡೆದುಕೊಳ್ಳುವಷ್ಟು ಬಿಸಿಯನ್ನು ವೈರಸ್ಸೂ ತಡೆದುಕೊಳ್ಳುತ್ತದೆ. ಅದೇನು ಮೂಗಿನ ಹೊಳ್ಳೆಯಲ್ಲಿ ಕಾದು ಕೂತಿರುತ್ತದಾ? ಜೀವಕೋಶದ ಒಳಗೆ ಸೇರಿಕೊಂಡು ಅಲ್ಲೇ ಹೆಚ್ಚುತ್ತಿರುತ್ತದೆ. ಎದೆಗೆ ಇಳಿದಿದ್ದರಂತೂ, ಹಬೆ ಅಲ್ಲಿಗೆ ಹೋಗುವಷ್ಟರಲ್ಲಿ ಮೈಬಿಸಿಗೇ ಬಂದಿರುತ್ತದೆ.

"ಪಕ್ಕದ ಮನೆಯವರು ಹಬೆ ತಗೊಂಡೇ ವಾಸಿಯಾದರು" ಅನ್ನುವವರಿಗೆ: ಹೆಚ್ಚಿನವರು ಹೇಗೂ ವಾಸಿಯಾಗುತ್ತಾರೆ, ಸುಮ್ನೆ ಸೀರಿಯಲ್ ನೋಡುತ್ತಾ ಮಲಗಿದ್ದವರೂ ಆದರು. ಇನ್ನು ಅಜ್ಜಿ ಕಾಲದ ವಾದ. ಅಜ್ಜಿ ಹಬೆ ಕೊಡುತ್ತಿದ್ದದ್ದು ನೆಗಡಿಗೆ, ಮೂಗು ಬಿಡಲಿ ಅಂತ. ವೈರಸ್ ಸಾಯಿಸುತ್ತೀನಿ ಅಂತ ಅವರು ಯಾವತ್ತೂ ಹೇಳಿರಲಿಲ್ಲ, ಪಾಪ.

ಲಾಭ ಇಲ್ಲದಿದ್ದರೂ ನಷ್ಟ ಏನು ಅಂತೀರಾ? ಸ್ಟೂಲ್ ಮೇಲೆ ಕುದಿಯುವ ನೀರಿನ ಪಾತ್ರೆ, ತಲೆ ಮೇಲೆ ಬೆಡ್‌ಶೀಟ್, ಪಕ್ಕದಲ್ಲಿ ಬೆಡ್‌ಶೀಟಿನ ತುದಿ ಹಿಡಿದು ಎಳೆಯುವ ಮಗು. ನೀರು ನೇರ ತೊಡೆ ಮೇಲೆ. ನೀಲಗಿರಿ ಎಣ್ಣೆಯನ್ನು ಚಿಕ್ಕ ಮಕ್ಕಳು ಸ್ವಲ್ಪ ಕುಡಿದರೂ ಫಿಟ್ಸ್ ಬರಬಹುದು, ಬಾಟಲಿ ಮೇಲಿಡಿ. ಇದಕ್ಕೂ ಕೆಟ್ಟದ್ದು, ಯಜಮಾನರು ರೂಮಿನಿಂದ ಹಾಲ್‌ಗೆ ಬಂದು ಮಾಸ್ಕ್ ತೆಗೆದು ಹಬೆ ತಗೊಂಡು ಕೆಮ್ಮಿ ಎದ್ದ ಮೇಲೆ, ಅದೇ ಬೆಡ್‌ಶೀಟ್ ಒಳಗೆ ಅತ್ತೆ ಕೂರುವುದು.

ಹಾಗಾದರೆ ಏನು ಮಾಡಬೇಕು? ಗಾಳಿ ನೋಡಿಕೊಳ್ಳಿ. ರೋಗಿಯ ಉಸಿರಿನಿಂದ ಬಂದದ್ದು ಊದುಬತ್ತಿ ಹೊಗೆಯ ಹಾಗೆ ರೂಮಿನಲ್ಲಿ ತೇಲುತ್ತಿರುತ್ತದೆ. ನಮ್ಮ ಬೆಂಗಳೂರಿನ 30×40 ಸೈಟಿನ ಮನೆಗಳಲ್ಲಿ ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಮನೆ ಗೋಡೆ, ಗೊತ್ತು. ಆದರೂ ತೆಗೆಯಿರಿ. ಸಂಜೆ ಐದಕ್ಕೇ ಸೊಳ್ಳೆ ಅಂತ ಮುಚ್ಚಬೇಡಿ, ಜಾಲರಿ ಇದ್ದರೆ ಸಾಕು. ಅಟ್ಯಾಚ್ಡ್ ಬಾತ್‌ರೂಮ್ ಇರುವ ರೂಮನ್ನು ರೋಗಿಗೆ ಬಿಟ್ಟು, ಬಾತ್‌ರೂಮ್ ಬಾಗಿಲು ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿ, ರೂಮಿನ ಬಾಗಿಲು ಮುಚ್ಚಿಡಿ. ಆ ಬಾಗಿಲ ಸಂದಿಯ ಹತ್ತಿರ, ಹಾಲ್ ಕಡೆಯಿಂದ, ಊದುಬತ್ತಿ ಹಿಡಿದು ನೋಡಿ: ಹೊಗೆ ರೂಮಿನೊಳಗೆ ಹೋದರೆ ಸರಿ, ನಿಮ್ಮ ಕಡೆ ಬಂದರೆ ಕಿಟಕಿಗೆ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಡಬೇಕು. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಇದ್ದದ್ದನ್ನೇ ತಿರುಗಿಸುತ್ತದೆ. ಒಳಗೆ ಹೋಗುವಾಗ ಇಬ್ಬರಿಗೂ ಎನ್95, ಮೂಗಿನ ತಂತಿ ಒತ್ತಿ ಕೂರಿಸಿ. ಆರೈಕೆ ಒಬ್ಬರೇ ಮಾಡಲಿ, ಅತ್ತೆ ಬೇಡ. ಪಾತ್ರೆಗೆ ಮಾಮೂಲಿ ಸೋಪು ಸಾಕು. ತರಕಾರಿಗೆ ಬರೀ ನೀರು, ದಯವಿಟ್ಟು ಸೋಪು ಹಾಕಬೇಡಿ.

ನೀವು ಕೇಳಿಲ್ಲ, ಆದರೂ ಆಕ್ಸಿಮೀಟರ್ ಬಗ್ಗೆ ಹೇಳಿಬಿಡುತ್ತೇನೆ. ಅದರಲ್ಲಿ ಎರಡು ನಂಬರ್ ಬರುತ್ತವೆ, ಒಂದು ಆಕ್ಸಿಜನ್, ಇನ್ನೊಂದು ನಾಡಿಬಡಿತ. ನಾಡಿ 98 ಇದ್ದದ್ದನ್ನು ನೋಡಿ "ಆಕ್ಸಿಜನ್ ಚೆನ್ನಾಗಿದೆ" ಅಂದುಕೊಂಡವರಿದ್ದಾರೆ. ಇನ್ನೂ ಒಂದು ಎಡವಟ್ಟಿದೆ. ಎದುರು ಕೂತು ತಲೆಕೆಳಗಾಗಿ ಓದಿದರೆ 86 ನಿಮಗೆ 98 ಆಗಿ ಕಾಣುತ್ತದೆ! ಬೇಕಾದರೆ ಪೇಪರ್ ಮೇಲೆ ಬರೆದು ತಿರುಗಿಸಿ. ಹಾಗಾಗಿ ಮೊದಲು ಶೇಕಡಾ ಗುರುತು ಎಲ್ಲಿದೆ ನೋಡಿ, ಆಮೇಲೆ ನಂಬರ್. ನೇಲ್ ಪಾಲಿಶ್ ಒರೆಸಿ, ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಐದು ನಿಮಿಷ ಸುಮ್ಮನೆ ಕೂತು, ನಂಬರ್ ನಿಂತ ಮೇಲೆ ಬರೆದುಕೊಳ್ಳಿ. 94ಕ್ಕಿಂತ ಕಡಿಮೆ ನಿಂತರೆ ತಕ್ಷಣ ಡಾಕ್ಟರಿಗೆ ಹೇಳಿ. 90ಕ್ಕಿಂತ ಕೆಳಗಿಳಿದರೆ, ಇಲ್ಲವೇ ಉಸಿರಾಡೋಕೆ ಕಷ್ಟ ಅಂದರೆ, ಡಾಕ್ಟರ ಫೋನಿಗೆ ಕಾಯದೆ 108ಕ್ಕೆ ಕರೆ ಮಾಡಿ.