ಗಣಿತದ ಕ್ವಿಜ್ ಏನನ್ನು ಕೇಳಬೇಕು?

ಕಾಲೇಜಿನ ಗಣಿತಕ್ಕೆ ಆನ್‌ಲೈನ್ ಕ್ವಿಜ್ ಎಂದರೆ ಹೆಚ್ಚಿನ ಕಡೆ ಒಂದು ಪ್ರಶ್ನೆ, ಕೆಳಗೆ ನಾಲ್ಕು ಆಯ್ಕೆ. ಇಂಟಿಗ್ರೇಷನ್ ಲೆಕ್ಕಕ್ಕೆ ಇದು ಹೊಂದುವುದೇ ಇಲ್ಲ. ವಿದ್ಯಾರ್ಥಿ ಇಂಟಿಗ್ರೇಷನ್ ಮಾಡುವ ಗೋಜಿಗೇ ಹೋಗದೆ, ನಾಲ್ಕೂ ಉತ್ತರಗಳನ್ನು ಡಿಫರೆನ್ಷಿಯೇಟ್ ಮಾಡಿ (ಅದು ಇಂಟಿಗ್ರೇಷನ್‌ನ ತಿರುಗುಮುರುಗಿನ ಲೆಕ್ಕ, ಸಾಮಾನ್ಯವಾಗಿ ಸುಲಭ) ಪ್ರಶ್ನೆಗೆ ತಾಳೆಯಾದದ್ದನ್ನು ಒತ್ತಿಬಿಡಬಹುದು. ಅಂಕ ಸಿಗುತ್ತದೆ, ಕಲಿಯಬೇಕಿದ್ದದ್ದು ಹಾಗೇ ಉಳಿಯುತ್ತದೆ.

ಗಣಿತ ಶಿಕ್ಷಣತಜ್ಞ ಕ್ರಿಸ್ ಸ್ಯಾಂಗ್ವಿನ್ 2004ರ ಸುಮಾರಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ 'ಸ್ಟ್ಯಾಕ್' ತಂತ್ರಾಂಶ ಹಿಡಿದ ದಾರಿ ನನಗೆ ತುಂಬಾ ಹಿಡಿಸಿದೆ. ಇಲ್ಲಿ ಉತ್ತರವನ್ನು ವಿದ್ಯಾರ್ಥಿಯೇ ಟೈಪ್ ಮಾಡಬೇಕು. ಬೀಜಗಣಿತ ಬಲ್ಲ 'ಮ್ಯಾಕ್ಸಿಮಾ' ಎಂಬ ಇನ್ನೊಂದು ತಂತ್ರಾಂಶ ಅದನ್ನು ಪರಿಶೀಲಿಸುತ್ತದೆ. ಒಂದೇ ಉತ್ತರವನ್ನು ಬೇರೆ ರೂಪದಲ್ಲಿ ಬರೆದರೂ ಅದಕ್ಕೆ ಗೊತ್ತಾಗುತ್ತದೆ.

ಹೀಗೊಂದು ಪ್ರಶ್ನೆ ಕೇಳಬಹುದು: ಎಕ್ಸ್ ಬೆಲೆ 2 ಮತ್ತು 5 ಆದಾಗ ಇಳಿಜಾರು ಸೊನ್ನೆಯಾಗುವ ಒಂದು ಕ್ಯೂಬಿಕ್ ಬಹುಪದ (ಎಕ್ಸ್‌ನ ಗರಿಷ್ಠ ಘಾತ 3 ಇರುವಂಥದ್ದು) ಬರೆಯಿರಿ. ಸರಿಯುತ್ತರಗಳಿಗೆ ಲೆಕ್ಕವೇ ಇಲ್ಲ. ಉತ್ತರಪಟ್ಟಿ ಇಟ್ಟುಕೊಂಡು ಇದನ್ನು ತಿದ್ದಲಾಗದು. ವಿದ್ಯಾರ್ಥಿ ಬರೆದದ್ದನ್ನು ಕಂಪ್ಯೂಟರ್ ಡಿಫರೆನ್ಷಿಯೇಟ್ ಮಾಡಿ ಇಳಿಜಾರು ಕಂಡುಕೊಂಡು, 2 ಮತ್ತು 5 ಹಾಕಿ ನೋಡುತ್ತದೆ. ಯಾರಾದರೂ ಆ ಎರಡು ಕಡೆ ಬಹುಪದದ ಬೆಲೆಯನ್ನೇ ಸೊನ್ನೆ ಮಾಡಿದ್ದರೆ, "ನಿಮ್ಮ ವಕ್ರರೇಖೆ ಅಲ್ಲಿ ಅಕ್ಷವನ್ನು ದಾಟುತ್ತಿದೆ, ಕೇಳಿದ್ದು ಇಳಿಜಾರನ್ನು" ಎಂದು ಆ ಕ್ಷಣವೇ ಹೇಳುವಂತೆ ಮಾಡಬಹುದು. ಬರೀ 'ತಪ್ಪು' ಎನ್ನುವುದಕ್ಕೂ ಇದಕ್ಕೂ ಅಜಗಜಾಂತರ.

ಆಯ್ಕೆ ಒತ್ತುವ ಬದಲು ತಾವೇ ನೆನಪಿಸಿಕೊಂಡು ಬರೆಯುವುದಕ್ಕೇ ಒಂದು ಶಕ್ತಿಯಿದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಗದ್ಯಭಾಗವನ್ನು ಎರಡನೇ ಸಲ ಓದಿದರು, ಉಳಿದವರು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಓದಿದವರದೇ ಮೇಲುಗೈ. ವಾರ ಕಳೆದಾಗ ಅವರ ನೆನಪಿನಲ್ಲಿ ಉಳಿದದ್ದು ಶೇ. 42, ಬರೆದವರಲ್ಲಿ ಶೇ. 56. ಅದು ಗಣಿತವಲ್ಲ, ನಿಜ. ಆದರೂ ಬಿಡಿಸಿದ ಲೆಕ್ಕವನ್ನೇ ಮತ್ತೆ ಮತ್ತೆ ಓದುವವರು ಗಮನಿಸಬೇಕಾದ ಫಲಿತಾಂಶ.

ಸ್ಟ್ಯಾಕ್‌ಗೂ ಮಿತಿಯಿದೆ: ಪ್ರಮೇಯದ ಸಾಧನೆಯನ್ನು ಸಾಲುಸಾಲಾಗಿ ಓದಿ, ವಾದ ಎಲ್ಲಿ ಜಾರಿತು ಎಂದು ಹೇಳಲು ಮೇಷ್ಟ್ರೇ ಬೇಕು. ಆದರೆ ಅದು ಉಚಿತ, 'ಮೂಡಲ್' ಎಂಬ ಆನ್‌ಲೈನ್ ಕಲಿಕಾ ತಂತ್ರಾಂಶ ಬಳಸುವ ಕಾಲೇಜುಗಳು ಅದನ್ನು ಅಳವಡಿಸಿಕೊಳ್ಳಬಹುದು. ನಿಜವಾದ ಶ್ರಮ ಇರುವುದು ಪ್ರಶ್ನೆ ಬರೆಯುವುದರಲ್ಲಿ. ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆಂದು ಮೊದಲೇ ಊಹಿಸಿ, ಒಂದೊಂದು ತಪ್ಪಿಗೂ ತಕ್ಕ ಮಾತು ಬರೆದಿಡಬೇಕು. ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದ ನಮ್ಮ ಅಧ್ಯಾಪಕರಿಗೆ ಆ ತಪ್ಪುಗಳೆಲ್ಲ ಬಾಯಿಪಾಠ. ಅವನ್ನು ಬರೆದಿಡಲು ಕಾಲೇಜುಗಳು ಅವರಿಗೆ ಬಿಡುವು ಕೊಡಬೇಕು.