ಸ್ಕ್ಯಾನ್ ನಾರ್ಮಲ್, ಪಕ್ಕೆ ನೋವು ಮಾತ್ರ ಹಾಗೇ ಇದೆ

ಪಕ್ಕೆ ನೋವು ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಕಿಡ್ನಿ ಸ್ಟೋನ್. ಬಾಳೆದಿಂಡಿನ ರಸ ಕುಡಿದು, ಎರಡೆರಡು ಸಲ ಸ್ಕ್ಯಾನಿಂಗ್ ಮಾಡಿಸಿ, ಕಲ್ಲು ಸಿಗದೆ ನಮ್ಮ ನೋವಿನ ಕ್ಲಿನಿಕ್‌ಗೆ ಬರುವವರು ಬಹಳ. "ಎಲ್ಲ ನಾರ್ಮಲ್ ಇದೆ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ" ಅಂತ ಅನ್ನಿಸಿಕೊಂಡು ಬಂದಿರುತ್ತಾರೆ. ಅವರ ನೋವು ನಿಜವಾದದ್ದೇ. ನರದ ನೋವು ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ, ಅಷ್ಟೇ.

ಪಕ್ಕೆಲುಬುಗಳ ಕೆಳಗೆ ಓಡುವ ನರಗಳು ಹೊಟ್ಟೆಯವರೆಗೂ ಬರುತ್ತವೆ. ಕಂಕುಳಿನ ನೇರಕ್ಕೆ, ಪಕ್ಕೆಯಲ್ಲಿ, ಅವುಗಳ ಒಂದು ಕವಲು ಸ್ನಾಯುಗಳನ್ನು ತೂರಿಕೊಂಡು ಚರ್ಮಕ್ಕೆ ಬರುತ್ತದೆ. ಅಲ್ಲಿ ನರ ಸಿಕ್ಕಿಹಾಕಿಕೊಂಡರೆ ಉರಿ, ಚುಚ್ಚು ಶುರುವಾಗುತ್ತದೆ.

ಕಲ್ಲಿನ ನೋವು ಬಂದವರು ಕೂತಲ್ಲಿ ಕೂರಲಾರರು, ಒದ್ದಾಡುತ್ತಾರೆ. ನರದ ನೋವಿನವರು ಒಂದೇ ಬೆರಳಿಟ್ಟು "ಇಲ್ಲೇ ಡಾಕ್ಟ್ರೇ" ಅನ್ನುತ್ತಾರೆ. ಆ ಜಾಗದ ಚರ್ಮವನ್ನು ಮೆಲ್ಲಗೆ ಚಿವುಟಿದರೂ ಬೆಚ್ಚಿಬೀಳುತ್ತಾರೆ. ಹತ್ತಿ ಸವರಿದರೆ ಆಚೆ ಪಕ್ಕೆಗೂ ಈಚೆ ಪಕ್ಕೆಗೂ ವ್ಯತ್ಯಾಸ ಗೊತ್ತಾಗುತ್ತದೆ. ಐದು ನಿಮಿಷದ ಈ ಪರೀಕ್ಷೆಗೆ ಖರ್ಚಿಲ್ಲ. ಆದರೂ ಇದನ್ನು ಮಾಡುವವರು ಕಡಿಮೆ ಅನ್ನುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಆಮೇಲೆ ಇಂಜೆಕ್ಷನ್. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಲಿಗ್ನೋಕೇನ್ ಔಷಧಿಯೇ ಇದು. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ನೋವಿನ ಜಾಗಕ್ಕೇ ಕೆಲವು ಮಿಲಿ ಲೀಟರ್ ಹಾಕುತ್ತೇವೆ. ನರದೊಳಗೆ ಸೋಡಿಯಂ ಹೋಗುವ ಬಾಗಿಲುಗಳು ಮುಚ್ಚಿ ನೋವಿನ ಸಂದೇಶ ನಿಲ್ಲುತ್ತದೆ. ಕಾಲು ಗಂಟೆಯೊಳಗೆ ನೋವು ಅರ್ಧಕ್ಕಿಂತ ಜಾಸ್ತಿ ಇಳಿದರೆ ತಪ್ಪಿತಸ್ಥ ಆ ನರವೇ ಎನ್ನಲು ಅದು ಬಲವಾದ ಸಾಕ್ಷಿ. ಅಂದರೆ ಚಿಕಿತ್ಸೆಯೂ ಇದೇ, ಪರೀಕ್ಷೆಯೂ ಇದೇ. ಹೊಟ್ಟೆಯ ಮುಂಭಾಗದಲ್ಲಿ ಇದೇ ತರಹ ನರ ಸಿಕ್ಕಿಕೊಂಡ 48 ಜನರ ಮೇಲೆ ನಡೆದ ಡಚ್ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಲಿಗ್ನೋಕೇನ್ ಪಡೆದ 24 ಜನರಲ್ಲಿ 13 ಮಂದಿಗೆ ಗುಣ ಕಂಡಿತು. ಬರೀ ಸಲೈನ್ ಪಡೆದ 24 ಜನರಲ್ಲಿ ನಾಲ್ವರಿಗೆ ಮಾತ್ರ.

ಮರಗಟ್ಟುವಿಕೆ ಒಂದೆರಡು ಗಂಟೆ ಇರುತ್ತದೆ. ಆರಾಮ ಮಾತ್ರ ಕೆಲವರಿಗೆ ವಾರಗಟ್ಟಲೆ ಉಳಿಯುತ್ತದೆ. ನೋವು ಎಷ್ಟು ಇಳಿಯಿತು, ಯಾವಾಗ ಮರಳಿತು ಅಂತ ಬರೆದಿಡಿ. ಮುಂದಿನ ಇಂಜೆಕ್ಷನ್ ನಿರ್ಧರಿಸಲು ನಮಗೆ ಅದೇ ಬೇಕು.

ಚುಚ್ಚಿಸಿಕೊಂಡಾಗ ತುಟಿ ಜುಮ್ಮೆಂದರೆ, ಕಿವಿ ಗುಯ್‌ಗುಟ್ಟಿದರೆ ಕೂಡಲೇ ಹೇಳಬೇಕು. ಔಷಧಿ ರಕ್ತಕ್ಕೆ ಜಾಸ್ತಿ ಸೇರಿದ್ದರ ಸೂಚನೆ ಅದು. ಪಕ್ಕೆಲುಬಿನ ಹತ್ತಿರ ಸೂಜಿ ಶ್ವಾಸಕೋಶದ ಪೊರೆಗೆ ತಾಗುವ ಅಪಾಯವೂ ಇದೆ. ಆದ್ದರಿಂದ ಅನುಭವ ಇರುವವರ ಹತ್ತಿರವೇ ಮಾಡಿಸಿ. ಜ್ವರ, ಮೂತ್ರದಲ್ಲಿ ರಕ್ತ ಇದ್ದರೆ ಮೊದಲು ಕಿಡ್ನಿ ನೋಡಿಸಿ. ಉರಿಯ ಜಾಗದಲ್ಲಿ ಗುಳ್ಳೆ ಎದ್ದರೆ ಅದು ಸರ್ಪಸುತ್ತು ಇರಬಹುದು. ಅದರ ಮಾತ್ರೆ ಮೂರು ದಿನದೊಳಗೆ ಶುರುವಾಗಬೇಕು.