ನೂರು ದಾಟುವ ಲೆಕ್ಕ

ಕೌನ್ಸೆಲಿಂಗ್‌ಗೆ ಬರುವ ಗಂಡ-ಹೆಂಡತಿಗೆ ಮೊದಲ ದಿನವೇ ಒಂದೊಂದು ಚೀಟಿ ಕೊಡುತ್ತೇನೆ. ಮನೆಗೆಲಸದಲ್ಲಿ ನಿಮ್ಮ ಪಾಲು ನೂರಕ್ಕೆ ಎಷ್ಟು, ಬರೆಯಿರಿ. ಪಕ್ಕದವರದ್ದು ನೋಡುವ ಹಾಗಿಲ್ಲ. ಇಬ್ಬರೂ ದುಡಿಯುವ ಒಂದು ಜೋಡಿಯಲ್ಲಿ ಆಕೆ 80 ಬರೆದರು, ಆತ 45. ಕೂಡಿದರೆ 125.

"ನೋಡಿ ಮೇಡಂ, ಹೆಂಗೆ ಸುಳ್ಳು ಹೇಳ್ತಾಳೆ!"

ಸುಳ್ಳಲ್ಲ. ಮನಶ್ಶಾಸ್ತ್ರಜ್ಞರಾದ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ದಂಪತಿಗಳ ಮೊತ್ತ ನೂರು ದಾಟಿತ್ತು. ನಾನು ತೊಳೆದ ಪಾತ್ರೆ ನನಗೆ ನೆನಪಿರುತ್ತದೆ. ಅವರು ತೊಳೆಯುವಾಗ ನಾನು ಅಡುಗೆಮನೆಯಲ್ಲೇ ಇರಲಿಲ್ಲ, ಅಲ್ವಾ?

ಹಾಗಂತ ಎಲ್ಲವೂ ನೆನಪಿನ ಆಟ ಎಂದು ನಕ್ಕು ಕಳಿಸಲಾಗದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಗಂಡಸರು 88. ಸಮೀಕ್ಷೆ ಎಣಿಸುವುದು ಹೆಚ್ಚಾಗಿ ಕೈಕೆಲಸವನ್ನು. ಗ್ಯಾಸ್ ಯಾವಾಗ ಬುಕ್ ಮಾಡಬೇಕು, ಮಗುವಿನ ಲಸಿಕೆ ಯಾವತ್ತು ಎಂಬ ತಲೆಯೊಳಗಿನ ಕೆಲಸ ಅದರಲ್ಲಿ ಎಷ್ಟು ಸಿಕ್ಕೀತು? "ಹೇಳಿದ್ರೆ ಮಾಡ್ತೀನಲ್ಲ" ಎನ್ನುವ ಗಂಡಂದಿರು ಒಳ್ಳೆಯವರೇ. ಆದರೆ ಹೇಳುವುದೂ ಒಂದು ಕೆಲಸ.

ದಾಂಪತ್ಯದ ಕೊಡು-ಕೊಳ್ಳುವಿಕೆಯಲ್ಲಿ ಪಾಲು ತಪ್ಪಿದಾಗ ಕಡಿಮೆ ಸಿಕ್ಕವರಿಗೆ ಸಿಟ್ಟು ಬರುತ್ತದೆ, ಜಾಸ್ತಿ ಸಿಕ್ಕವರಿಗೆ ಅಳುಕು. ಮನಶ್ಶಾಸ್ತ್ರಜ್ಞೆ ಎಲೇನ್ ಹ್ಯಾಟ್‌ಫೀಲ್ಡ್ ಮತ್ತು ಜೊತೆಗಾರರು 1970ರ ದಶಕದಲ್ಲೇ ಇದನ್ನು ಬರೆದಿದ್ದಾರೆ. ಅಳುಕು ನನ್ನ ಕೋಣೆಗೆ ನೇರವಾಗಿ ಬರುವುದು ಅಪರೂಪ. ಸುಮ್ನೆ ತಂದ ಸೀರೆಯಾಗಿ ಬರುತ್ತದೆ, ಇಲ್ಲವೇ ಜಗಳವಾಗಿ.

ಮದುವೆ ಮನೆಯಲ್ಲಿ ಮುಯ್ಯಿ ಬರೆದಿಡುತ್ತೇವಲ್ಲ, ಯಾರು ಎಷ್ಟು ಕೊಟ್ಟರು ಅಂತ? ನೆಂಟರ ನಡುವೆ ಅದು ಸರಿ. ಗಂಡ-ಹೆಂಡತಿ ನಡುವೆ ಆ ಪುಸ್ತಕ ತೆರೆದುಕೊಂಡಿದ್ದರೆ ನಾನು ಮೊತ್ತ ತಿದ್ದಲು ಹೋಗುವುದಿಲ್ಲ. ಮೊದಲ ಪುಟ ಯಾವುದು ಎಂದು ಕೇಳುತ್ತೇನೆ. 80 ಬರೆದಿದ್ದ ಆಕೆಗೂ ಇದನ್ನೇ ಕೇಳಿದೆ. ಪಾತ್ರೆಯ ಮಾತು ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. "ಅಪ್ಪ ಆಸ್ಪತ್ರೆಯಲ್ಲಿದ್ದಾಗ ಇವರು ಒಂದು ದಿನವೂ ರಜೆ ಹಾಕಲಿಲ್ಲ."

"ನೀನೇ ಬೇಡ ಅಂದೆಯಲ್ಲ!"

"ಅಂದೆ. ಆದ್ರೂ ಬರ್ತೀರಿ ಅಂದ್ಕೊಂಡಿದ್ದೆ."

ಆ ದಿನ ಉಳಿದದ್ದೆಲ್ಲ ಅದರ ಮಾತೇ ಆಯಿತು. ಚೀಟಿಗಳನ್ನು ಮತ್ತೆ ತೆಗೆದದ್ದು ಮೂರನೇ ಭೇಟಿಯಲ್ಲಿ. ಎಲ್ಲವನ್ನೂ ಅರ್ಧರ್ಧ ಹಂಚುವುದರಲ್ಲಿ ನನಗೆ ನಂಬಿಕೆಯಿಲ್ಲ, ಅದೂ ಮುಯ್ಯಿ ಲೆಕ್ಕವೇ. ಒಂದು ಕೆಲಸವನ್ನು ನೆನಪಿನ ಸಮೇತ ಪೂರ್ತಿ ವಹಿಸಿಕೊಳ್ಳಿ ಎಂದೆ. ಆತ ದೋಸೆ ಹಿಟ್ಟು ಆರಿಸಿಕೊಂಡರು. ಅಕ್ಕಿ-ಉದ್ದು ತರುವುದರಿಂದ ಗ್ರೈಂಡರ್ ತೊಳೆಯುವವರೆಗೆ.

ಮೊದಲ ಶನಿವಾರವೇ ನೆನೆಹಾಕಲು ಮರೆತರು. ಭಾನುವಾರ ಉಪ್ಪಿಟ್ಟು. ಆಕೆಗೆ ಮಧ್ಯಾಹ್ನವೇ ನೆನಪಾಗಿತ್ತಂತೆ. ರಾತ್ರಿ ಮಲಗುವವರೆಗೂ ಬಾಯಿ ಬಿಡದೆ ಇರುವುದು ಹಿಟ್ಟು ರುಬ್ಬುವುದಕ್ಕಿಂತ ಕಷ್ಟವಾಯಿತು ಎಂದರು.